ಬಾವಲಿಯಾಚೆಯವಳು

ಚಟ್ಟಕ್ಕೆ ಸುತ್ತುತ್ತಿದ್ದ ಹಗ್ಗವನ್ನು ಜವರಯ್ಯ ಕಾಲಿನಿಂದ ಮೆಟ್ಟಿ ಹಿಡಿದ.

“ನಿಲ್ಸ್ರಲಾ. ತವರಿನ ಸೀರೆ ಬರ್ದೆ ಎಣ ಎತ್ತಂಗಿಲ್ಲ.”

ಬಿದಿರು ಕಟ್ಟುತ್ತಿದ್ದವರು ಕೈಬಿಟ್ಟು ಎದ್ದರು. ಮುತ್ತೈದೆಯಾಗಿ ಸತ್ತವಳಿಗೆ ತವರಿನವರು ಸೀರೆ ಹೊದಿಸಬೇಕು. ಅದಾಗದೆ ಈ ಕಡೆ ಹೆಣ ಅಂಗಳ ದಾಟುವುದಿಲ್ಲ. ಮಾಯಮ್ಮನಿಗೆ ಸೀರೆ ತರುವವರು ಯಾರೂ ಇಲ್ಲವೆಂಬುದು ಅಲ್ಲಿ ನೆರೆದವರಿಗೆಲ್ಲ ಗೊತ್ತಿತ್ತು. ಜವರಯ್ಯನಿಗೂ.

ಅವಳ ಗಂಡ ತಿಮ್ಮಯ್ಯ ಅಣ್ಣ ಜವರಯ್ಯನೆದುರು ಎಂದೂ ದನಿಯೆತ್ತಿದವನಲ್ಲ. ಈಗಲೂ ಗೋಡೆಗೆ ಒರಗಿ ಕೂತೇ ಇದ್ದ. ಇಬ್ಬರ ತಂಗಿ ಸಾಕಮ್ಮ ಅತ್ತಿಗೆಯ ತಲೆಯ ಬಳಿಯಿಂದ ಎದ್ದು ಬಂದಳು.

“ಎಲ್ಲಿಂದ ಬರ್ಬೇಕಣ್ಣ ಸೀರೆ?”

“ಅದ್ನೇ ನಾನೂ ಕೇಳ್ತಿರೋದು. ಬೀಚನಳ್ಳಿ ಕಡೆ ತಬ್ಬಲಿ ಅಂತ ಕರ್ಕಬಂದ ಇವ್ನು. ಆಸ್ಪತ್ರೇಲಿ ನೋಡುದ್ರೆ ಬ್ಯಾರೆ ಬರ್ದವ್ರೆ. ಯಾವ ಸೀಮೆಯೋ, ಯಾವ ಕುಲ್ವೋ! ಹೊಲ್ದಲ್ಲಿ ಅಪ್ಪನ ಪಕ್ಕದ ಮಣ್ಗೆ ನಾನು ಬುಡಾಕಿಲ್ಲ. ಕಾಡಂಚಲ್ಲಿ ಊಣ್ಲಿ.”

“ಅವಳ್ ತಿರುವಿದ್ ಮುದ್ದೆ ನುಂಗುವಾಗ ಕುಲ ಕೇಳ್ನಿಲ್ವಲ್ಲ ಜವರ ನಿನ್ ಒಟ್ಟೆ,” ಎಂದಳು ನೆರೆಮನೆಯ ಮುದುಕಿ ಕುಳ್ಳಮ್ಮ.

ಯಾರೋ ನಕ್ಕು, ಥಟ್ಟನೆ ಬಾಯಿಗೆ ಟವೆಲು ಒತ್ತಿಕೊಂಡರು.

“ಸುದ್ದಿ ತಿಳುದ್ಮ್ಯಾಲೆ ಒಂದ್ ತುತ್ತೂ ಮುಟ್ಟಿಲ್ಲ ಕಣಮ್ಮೀ,” ಜವರಯ್ಯ ಕೆರಳಿದ. ಹೊತ್ತು ಇಳಿಯುತ್ತಿತ್ತು.

*

ಮದುವೆಯಾದ ಮರುವರ್ಷ ಮಾಯಮ್ಮನ ಮುಖ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಒಂದು ಕೊಡ ನೀರು ಹೊತ್ತರೆ ಏದುಸಿರು. ಸಾಕಮ್ಮ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರ್ ಗಂಗಾಧರಪ್ಪ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು.

“ಹುಟ್ಟಿದ್ದೆಲ್ಲಮ್ಮ?”

“ಕಾಯ್ಲೆ ಬಂದಿರಾದು ನಂಗೆ ಸ್ವಾಮಿ, ನಮ್ಮೂರ್ಗಲ್ಲ.”

“ಈ ಒಣ ಸೀಮೆಯವರಲ್ಲಿ ಹೀಗೆ ರಕ್ತ ಬತ್ತಿದ್ದನ್ನ ನಾನು ಕಂಡಿಲ್ಲ. ಎಲ್ಲಿಂದ ಬಂದೆ ಅಂತ ತಿಳಿದರೆ ಸರಿಯಾದ ಔಷಧಿ ಕೊಡ್ತೀನಿ.”

ಅವಳು ನೆಲ ನೋಡುತ್ತ ಹೇಳಿದಳು. ಬಾವಲಿ ಹೊಳೆಯಾಚೆ, ವಯನಾಡು. ಅಪ್ಪ ಅವ್ವ ಸತ್ತ ಮೇಲೆ ಕಾಫಿ ತೋಟದಲ್ಲಿ ಕೂಲಿ.

“ಬರಿಗಾಲಲ್ಲಿ?”

“ಇನ್ನೆಂಗೆ ಸ್ವಾಮಿ?”

ಡಾಕ್ಟರರ ಮುಖ ಅರಳಿತು. ತೋಟದ ಹಸಿಮಣ್ಣಿನಿಂದ ಅಂಗಾಲಿಗೆ ಹೊಕ್ಕು ಕರುಳಿನಲ್ಲಿ ಕೂತು ರಕ್ತ ಹೀರುವ ಕೊಕ್ಕೆಹುಳು! ಆ ಸಂಭ್ರಮದಲ್ಲೇ ಅವರು ಒಳಕೋಣೆಯ ಕಾಂಪೌಂಡರಿಗೆ ಕೂಗಿ ಹೇಳಿದರು: “ಬರ್ಕೊಳ್ರೀ, ಮಲಬಾರಿನಿಂದ ವಲಸೆ ಬಂದವಳು. ವಯನಾಡು!”

ಸೀಸೆ ಹಿಡಿದು ಜಗಲಿಯಲ್ಲಿ ಸಾಲುಗಟ್ಟಿದ್ದ ಊರವರೆಲ್ಲ ತಲೆಯೆತ್ತಿದರು.

ಔಷಧಿ ಹಿಡಿಯಿತು, ಮೈಗೆ ರಕ್ತ ತುಂಬಿತು. ಆದರೆ ಅವಳು ಬಾವಿಗೆ ಬಂದರೆ ಉಳಿದವರು ಕೊಡ ಎತ್ತಿಕೊಂಡು ಸರಿದು ನಿಲ್ಲತೊಡಗಿದರು. ಈ ಸಲ ಎದೆಯಲ್ಲಿ ಕಫ ಕಟ್ಟಿ ಜ್ವರವೇರಿದಾಗ, ಗಾಡಿ ಹೂಡಲು ಎದ್ದ ಗಂಡನ ಪಂಚೆ ಹಿಡಿದು ಅವಳು, “ಅಲ್ಗೆ ಮಾತ್ರ ಬ್ಯಾಡ” ಎಂದಿದ್ದಳು.

*

ಸುದ್ದಿ ಕೇಳಿ ಡಾಕ್ಟರರೇ ಅಂಗಳಕ್ಕೆ ಬಂದರು. ಜವರಯ್ಯ ಅವರಿಗೆ ಕೈಮುಗಿದ.

“ಸರ್ಯಾದ್ ಒತ್ಗೆ ಬಂದ್ರಿ ಬುದ್ದೀ. ನೀವೇ ಏಳ್ಬುಡಿ. ಯಾವ ಸೀಮೆಯೋಳು ಅಂತ ಬರ್ದಿದ್ರಿ?”

ಡಾಕ್ಟರರು ಹೆಣದ ಕಡೆ ನೋಡಿದರು. “ಅದು ರೋಗಿ ನನ್ನ ಹತ್ತಿರ ಆಡಿದ ಮಾತು. ಹೇಳೋ ಹಾಗಿಲ್ಲ.”

“ಅವತ್ತು ಕೂಗಿದ್ರಲ್ಲ,” ಎಂದಳು ಸಾಕಮ್ಮ.

ಡಾಕ್ಟರರು ತಲೆಯಾಡಿಸಿದರು.

“ಕೂಗಿದ್ದು ತಪ್ಪು. ಬರೆದದ್ದು ತಪ್ಪಲ್ಲಮ್ಮ. ನನಗೆ ವರ್ಗವಾದರೆ ಮುಂದೆ ಬರೋ ಡಾಕ್ಟರಿಗೆ ತಿಳಿಯಬೇಡವೆ? ಕೇಳದೇ ಇದ್ದಿದ್ರೆ ಆಕೆ ಅವತ್ತೇ ಹೋಗಿಬಿಡ್ತಿದ್ದಳು.”

“ಕೇಳಿದ್ಕೇ ಈ ಸಲ ನಿಮ್ ತಾವ ಬರ್ನಿಲ್ಲ.”

ಸಾಕಮ್ಮ ಜವರಯ್ಯನ ಕಡೆ ತಿರುಗಿದಳು.

“ವಯನಾಡಿನೋಳೇ ಕಣಣ್ಣ. ಗಂಡ ಸತ್ತು ನಾನು ಗಂಟು ಒತ್ಕಂಡ್ ಬಂದಾಗ ನೀವಿಬ್ರೂ ಯೋಚ್ನೆ ಮಾಡ್ತಾ ನಿಂತಿದ್ರಿ. ಒಳೀಕೆ ಕರ್ದೋಳು ಇವಳು. ನಂಗೆ ತವರಾದೋಳು ಇವಳೇ. ಈಗ ಇವಳ್ಗೆ ನಾನಾಯ್ತೀನಿ.”

ಒಳಗೆ ಹೋಗಿ, ವಿಧವೆಯಾದ ಮೇಲೆ ಉಡದೆ ಇಟ್ಟಿದ್ದ ಹಸಿರು ಸೀರೆ ತಂದು ಅತ್ತಿಗೆಗೆ ಹೊದಿಸಿದಳು. “ವಿಧವೆ ಸೀರೇನಾ!” ಎಂದು ಹಿಂದಿನಿಂದ ಯಾರೋ ಉಸುರಿದರು. ಕುಳ್ಳಮ್ಮ ಮುಂದೆ ಬಂದು, ಸೀರೆಯ ಅಂಚೆಳೆದು ಪಾದ ಮುಚ್ಚಿದಳು.

ತಿಮ್ಮಯ್ಯ ಎದ್ದು ಬೆಂಕಿಯ ಮಡಕೆ ಹಿಡಿದ. ದಾಯಾದಿಗಳು ಮೂವರು ಚಟ್ಟಕ್ಕೆ ಹೆಗಲು ಕೊಟ್ಟರು. ನಾಲ್ಕನೆಯ ಮೂಲೆ ಮನೆಗೆ ಹಿರಿಯನಾದ ಜವರಯ್ಯನದು. ಅವನು ಕದಲಲಿಲ್ಲ. ಚಟ್ಟ ಅತ್ತ ವಾಲಿತು. ಡಾಕ್ಟರರು ಕೋಟು ಕಳಚಿ, ಬಗ್ಗಿ, ಆ ಬಿದಿರಿಗೆ ಕೈಹಾಕಿದರು.

“ಬುಡಿ ಬುದ್ದೀ!” ಜವರಯ್ಯ ನುಗ್ಗಿಬಂದು ಅವರ ಕೈ ಸರಿಸಿದ. “ನಮ್ಮನೆ ಎಣಕ್ಕೆ ಒರಗ್ನೋರು ಎಗ್ಲು ಕೊಡಂಗಿಲ್ಲ.”

ಅವನು ಯಾರ ಮುಖವನ್ನೂ ನೋಡದೆ ಬಿದಿರಿನಡಿ ಬಗ್ಗಿದ. ಚಟ್ಟ ಮಟ್ಟವಾಯಿತು.

ಡಾಕ್ಟರರು ಕೋಟು ತೋಳಿಗೇರಿಸಿಕೊಂಡು ದಾರಿ ಬಿಟ್ಟು ನಿಂತರು. ಊರಾಚೆಯ ಕವಲಿನಲ್ಲಿ, ಎಲ್ಲರಿಗಿಂತ ಮುಂದಿದ್ದ ತಿಮ್ಮಯ್ಯನ ಮಡಕೆಯ ಹೊಗೆ ಒಂದು ಗಳಿಗೆ ತಡೆದು ನಿಂತು, ಕಾಡಿಗೆ ಬೆನ್ನು ಹಾಕಿ ಹೊಲದ ಕಡೆ ತಿರುಗಿತು.