ಹನ್ನೆರಡನೇ ತಾರೀಖಿನ ಉಳುಕು

ಬೇಸಿಗೆ ರಜೆಯಲ್ಲಿ ದಿನಾ ಎಷ್ಟು ಕಿಲೋಮೀಟರ್ ಓಡಿದೆವೆಂದು ಬರೆದಿಡಲು ಡ್ರಿಲ್ ಮೇಷ್ಟ್ರು ಶಾಲೆಯ ದೂರದ ಓಟದ ತಂಡದ ಎಂಟು ಮಂದಿಗೂ ಒಂದೊಂದು ಹಾಳೆ ಹಂಚಿದ್ದರು. ಓಡಿ ಬಂದ ಮೇಲೆಯೇ ಬರೆಯಬೇಕೆಂದು ಬಾಯಿ ಬಡಿದುಕೊಂಡಿದ್ದರು. ರಜೆಗೆ ಇನ್ನೂ ಎರಡು ದಿನವಿರುವಾಗಲೇ ಎಂಟೂ ಹಾಳೆಗಳು ಕೊನೆಯ ಸಾಲಿನವರೆಗೆ ತುಂಬಿ ಅವರ ಮೇಜಿಗೆ ಬಂದವು. ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು.

"ಒಂದು ಹೆಜ್ಜೆನೂ ಓಡದೆ ನನ್ನ ಕಿವಿ ಮೇಲೇ ಹೂವ ಇಡ್ತೀರಾ?"

"ಆಮೇಲೆ ಬರೆಯೋಕೆ ಮರೆತುಹೋಗುತ್ತೆ ಸಾರ್," ಎಂದಳು ತಂಡದ ನಾಯಕಿ. "ಬರೆದಷ್ಟು ಓಡೇ ಓಡ್ತೀವಿ."

ಮೇಷ್ಟ್ರು ಅವಳ ಹಾಳೆಯ ಮೇಲೆಯೇ ಬೆರಳಿಟ್ಟರು. "ಬರೋ ತಿಂಗಳು ಹನ್ನೆರಡಕ್ಕೆ 'ಕಾಲು ಉಳುಕಿತು, ಓಡಲಿಲ್ಲ' ಅಂತ ಬರೆದಿದ್ದೀಯಲ್ಲ, ಅವತ್ತೇ ಉಳುಕುತ್ತೆ ಅಂತ ನಿಂಗೆ ಯಾರಮ್ಮ ಹೇಳಿದ್ದು?"

ಅವಳು ತಲೆ ತಗ್ಗಿಸಿದಳು.

"ಅವತ್ತು ನಮ್ಮಕ್ಕನ ಮದುವೆ ಸಾರ್."