ಕೂಗಿದರೂ ಓಗೊಡದ ಮಗು

ನಮ್ಮ ಹೂಡಿ ಬಡಾವಣೆಯಲ್ಲಿ ಬೆಳಿಗ್ಗೆ ಎಂಟೂವರೆ ಆಯಿತೆಂದರೆ ಬೀದಿಗೊಂದು ಅಳು ಕೇಳುತ್ತದೆ. ಒಂದು ಕಡೆ ಕಂಪನಿ ಕ್ಯಾಬುಗಳ ಹಾರ್ನು, ಇನ್ನೊಂದು ಕಡೆ ಪ್ಲೇ ಸ್ಕೂಲಿಗೆ ಹೊರಟ ಮಕ್ಕಳ ಗೋಳು. ನಾಲ್ಕು ದಿನ ಅಳುತ್ತೆ, ಆಮೇಲೆ ಸರಿಹೋಗುತ್ತೆ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಎಷ್ಟೋ ಮಕ್ಕಳು ಸರಿಹೋಗುವುದೂ ನಿಜ. ಆದರೆ ಅಳು ನಿಂತದ್ದೆಲ್ಲ ಸರಿಹೋದದ್ದಲ್ಲ ಎಂಬುದು ನಮ್ಮ ಬೀದಿಗೆ ಗೊತ್ತಾದದ್ದು ನಂಜಪ್ಪನವರ ಮೊಮ್ಮಗ ಮನುವಿನಿಂದ.

ನಂಜಪ್ಪ, ಅಂಜಿನಮ್ಮ ದಂಪತಿ ಊರಿನ ಹಳಬರು. ಅವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡವಿದೆ. ಮೇಲೆಲ್ಲ ಬಾಡಿಗೆಯವರು. ಕೆಳಗೆ ಅವರು, ಮಗ ವಸಂತ್, ಸೊಸೆ ಯಮುನಾ, ನಾಲ್ಕು ವರ್ಷದ ಮನು. ಈ ಮನು ಮೊದಲು ಮಹಾ ಮಾತುಗಾರ. ಗೇಟು ಹತ್ತಿ ನಿಂತು ನೀರಿನ ಟ್ಯಾಂಕರಿನವನಿಂದ ಹಿಡಿದು ಸೊಪ್ಪು ಮಾರುವವಳ ತನಕ ಎಲ್ಲರನ್ನೂ ಊಟ ಆಯ್ತಾ ಎಂದು ವಿಚಾರಿಸುವವನು. ಜೂನ್‌ನಲ್ಲಿ ಪಕ್ಕದ ರಸ್ತೆಯ ಪ್ಲೇ ಸ್ಕೂಲಿಗೆ ಸೇರಿಸಿದರು. ದಸರಾ ಹೊತ್ತಿಗೆ ಆ ಬಾಯಿ ಕಟ್ಟಿಹೋಗಿತ್ತು.

ಅಂಜಿನಮ್ಮನವರಿಗೆ ಇದರಿಂದ ಹೆಮ್ಮೆಯೇ ಆಯಿತು. ಮೊಮ್ಮಗ ಕೂರಿಸಿದಲ್ಲಿ ಕೂರುತ್ತಾನೆ, ಕೊಟ್ಟದ್ದು ತಿನ್ನುತ್ತಾನೆ, ಎದುರು ಮಾತಿಲ್ಲ ಎಂದು ಬೀದಿಗೆಲ್ಲ ಸಾರಿದರು. ಸಾಲದ್ದಕ್ಕೆ ಶಾಲೆಯ ಮಂತ್ರವೊಂದನ್ನು ತಾವೂ ಕಲಿತರು. ‘ಫಿಂಗರ್ ಆನ್ ಲಿಪ್ಸ್.’ ಜನ್ಮದಲ್ಲಿ ಇಂಗ್ಲಿಷ್ ಆಡದ ಅಜ್ಜಿ ಅದೊಂದನ್ನು ಮಾತ್ರ ಥೇಟ್ ಮಿಸ್ಸಿನ ಹಾಗೆ ಹೇಳುತ್ತಿದ್ದರು. ಹೇಳಿದ್ದೇ ತಡ, ಮನು ತುಟಿಗೆ ಬೆರಳೊತ್ತಿ ಗೊಂಬೆಯಾಗುತ್ತಿದ್ದ. ಧಾರಾವಾಹಿ ಮುಗಿಯುವ ತನಕ ಮನೆ ತಣ್ಣಗಿರುತ್ತಿತ್ತು. ಯಾರಿಗೆ ಬೇಡ ಹೇಳಿ.

ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದ ಸೀತಾಲಕ್ಷ್ಮಿಯವರಿಗೆ ಮಾತ್ರ ಈ ಸುಮ್ಮನಿರುವಿಕೆ ಹಿಡಿಸಲಿಲ್ಲ. ಫ್ಯಾಕ್ಟರಿ ಕಾಲೋನಿಯ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು ಅವರು. ಒಂದು ಸಂಜೆ ಇಳಿದು ಬರುವಾಗ ಮನು ಮೆಟ್ಟಿಲ ಮೇಲೆ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿಕೊಂಡು ಸ್ಕೂಲಾಟ ಆಡುತ್ತಿದ್ದ. ಅವನೇ ಮಿಸ್ಸು. ಆಟದಲ್ಲಿ ಹಾಡಿಲ್ಲ, ಮಾತಿಲ್ಲ. ಒಂದು ಚಪ್ಪಲಿಯನ್ನು ಕಣ್ಣು ಕೆಕ್ಕರಿಸಿ ನೋಡಿದ. ಎತ್ತಿಕೊಂಡು ಹೋಗಿ ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಪಾಪ, ಅದೇನು ತಪ್ಪು ಮಾಡ್ತು ಎಂದು ಅವರು ಕೇಳಿದರು.

“ಸೂಸೂ ಮಾಡ್ಕೊಂತು,” ಎಂದ ಮನು, ಪಿಸುದನಿಯಲ್ಲಿ.

ಸೀತಾಲಕ್ಷ್ಮಿ ಅಂದೇ ಅತ್ತೆ ಸೊಸೆಯರನ್ನು ಕೂರಿಸಿಕೊಂಡು ಕಂಡದ್ದನ್ನು ಹೇಳಿದರು.

“ಅಂಜಿನಮ್ಮನವರೇ, ಮಗು ಏನು ಕಲ್ತಿದೆ ಅನ್ನೋದು ಅದರ ಆಟದಲ್ಲಿ ಗೊತ್ತಾಗುತ್ತೆ ಕಣ್ರೀ. ಇವನು ಅಲ್ಲಿ ಹೆದರಿಕೆ ಕಲೀತಿದಾನೆ. ಒಂದ್ಸಲ ಹೋಗಿ ವಿಚಾರಿಸಿ.”

“ಅಯ್ಯೋ ಬುಡಿ ಟೀಚರಮ್ಮ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ? ನಮ್ ವಸಂತಂಗೂ ಮೇಷ್ಟ್ರು ಇಂಗೇ ಬಾರಿಸೋರು. ಈಗ ಅವ್ನು ಚೆಂದಾಗಿಲ್ವಾ?”

“ಬಗ್ಸೋದು ಬೇರೆ, ಮುರಿಯೋದು ಬೇರೆ.”

ವಸಂತ್ ಚೆನ್ನಾಗಿಯೇ ಇದ್ದಾನೆ. ಆದರೆ ಇವತ್ತಿಗೂ ಯಾವ ಸಾಹೇಬರ ಮೇಜಿನ ಮುಂದೆ ನಿಂತರೂ ಅವನ ನಾಲಿಗೆ ಒಣಗುತ್ತದೆ. ಅದನ್ನು ಅವನ ತಾಯಿ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಯಮುನಾ ಇನ್ನೂ ಕೆಲವನ್ನು ಗಮನಿಸಿದ್ದಳು. ಮನು ಮತ್ತೆ ಹಾಸಿಗೆ ಒದ್ದೆ ಮಾಡುತ್ತಿದ್ದ, ನಿದ್ದೆಯಲ್ಲಿ ಬೆಚ್ಚಿ ಏಳುತ್ತಿದ್ದ. ಅತ್ತೆಗೆ ಎದುರಾಡಲು ಅವಳಿಗೆ ಭಯ. ಶಾಲೆಯಲ್ಲಿ ಕೇಳಿದರೆ ಆ ಸಿಟ್ಟನ್ನು ಮಗುವಿನ ಮೇಲೆ ತೀರಿಸಿಕೊಂಡಾರು ಎಂಬ ಭಯ. ಇನ್ನೊಂದು ವಾರ ನೋಡೋಣ ಎಂದು ಸುಮ್ಮನಾದಳು.

ಆ ಶನಿವಾರ ಮಧ್ಯಾಹ್ನ ನೀರಿನ ಟ್ಯಾಂಕರ್ ಬಂತು. ನಂಜಪ್ಪ ಅಂಗಳದಲ್ಲಿರುವ ಸಂಪಿನ ಮುಚ್ಚಳ ತೆಗೆದು ಪೈಪು ಇಳಿಬಿಟ್ಟರು. ನೆಲದಡಿಯ ಆ ತೊಟ್ಟಿಯಲ್ಲಿ ಆಳೆತ್ತರ ನೀರು ನಿಲ್ಲುತ್ತದೆ. ಟ್ಯಾಂಕರ್ ಕಂಡ ಖುಷಿಗೆ ಮನು ಬಹಳ ದಿನದ ಮೇಲೆ ಕೇಕೆ ಹಾಕಿದ. ಒಳಗೆ ಟೀವಿ ನೋಡುತ್ತಿದ್ದ ಅಂಜಿನಮ್ಮ ಕಿಟಕಿಯಿಂದಲೇ ‘ಫಿಂಗರ್ ಆನ್ ಲಿಪ್ಸ್’ ಎಂದು ಗದರಿದರು. ಕೇಕೆ ನಿಂತಿತು.

ನಂಜಪ್ಪ ಟ್ಯಾಂಕರನ್ನು ರಸ್ತೆಗೆ ಹತ್ತಿಸಿ ಬರುವಷ್ಟರಲ್ಲಿ ಅಂಗಳದಲ್ಲಿ ಮಗು ಇರಲಿಲ್ಲ. ಸಂಪು ಬಾಯಿ ತೆರೆದುಕೊಂಡೇ ಇತ್ತು. ಅದರ ಅಂಚಿನಲ್ಲಿ ಮನುವಿನ ಒಂದು ಚಪ್ಪಲಿ ಬಿದ್ದಿತ್ತು.

ಮನೂ ಎಂದು ಕೂಗಿದರು. ಓ ಎನ್ನಲಿಲ್ಲ. ಯಮುನಾ ಓಡಿ ಬಂದು ಕೂಗಿದಳು. ಮೇಲಿನ ಮಹಡಿಯವರೆಲ್ಲ ಇಳಿದು ಬಂದು ಕೂಗಿದರು. ಬೀದಿಯ ತುದಿಗೆ ಓಡಿದವರು ಬರಿಗೈಯಲ್ಲಿ ವಾಪಸು ಬಂದರು. ತುಂಬಿದ ಸಂಪಿನಲ್ಲಿ ನೀರು ಕಪ್ಪಗೆ ಅಲುಗುತ್ತಿತ್ತು. ನಂಜಪ್ಪ ಉಟ್ಟ ಪಂಚೆಯಲ್ಲೇ ಒಳಗಿಳಿದುಬಿಟ್ಟರು. ಮುಳುಗಿ ತಡಕಿದರು, ಉಸಿರಿಗೆ ಎದ್ದರು, ಮತ್ತೆ ಮುಳುಗಿದರು. ಅಂಜಿನಮ್ಮ ಎದೆ ಬಡಿದುಕೊಳ್ಳುತ್ತ ಮುನೇಶ್ವರನಿಗೆ ಹರಕೆ ಹೊತ್ತರು. ಯಮುನಾ ಸಂಪಿನ ಅಂಚಿನಲ್ಲಿ ಬೋರಲು ಮಲಗಿ ನೀರಿಗೆ ಕೈ ಚಾಚಿದಳು.

ಸೀತಾಲಕ್ಷ್ಮಿ ಆ ಒಂಟಿ ಚಪ್ಪಲಿಯನ್ನೇ ನೋಡುತ್ತಿದ್ದವರು ಥಟ್ಟನೆ ತಿರುಗಿ ಮೆಟ್ಟಿಲ ಕಡೆ ಓಡಿದರು.

ಮೆಟ್ಟಿಲ ಕೆಳಗಿನ ಕತ್ತಲಲ್ಲಿ, ಖಾಲಿ ನೀರಿನ ಕ್ಯಾನುಗಳ ಹಿಂದೆ ಮನು ನಿಂತಿದ್ದ. ಮುಖ ಗೋಡೆಗೆ, ಬೆರಳು ತುಟಿಗೆ, ಚಡ್ಡಿ ಒದ್ದೆ. ಅಜ್ಜಿ ಗದರಿದ್ದಕ್ಕೆ ಬೆಚ್ಚಿ ಅವನು ಚಡ್ಡಿಯಲ್ಲೇ ಮಾಡಿಕೊಂಡಿದ್ದ. ಮಾಡಿಕೊಂಡವರು ಕತ್ತಲಲ್ಲಿ ನಿಲ್ಲಬೇಕು ಎಂದು ಶಾಲೆಯಲ್ಲಿ ಕಲಿತಿದ್ದ. ಯಾರೂ ಹೇಳದೆ, ಚಪ್ಪಲಿ ಕಳಚಿದ್ದನ್ನೂ ನೋಡದೆ, ತಾನೇ ಹೋಗಿ ನಿಂತಿದ್ದ. ಅಷ್ಟೂ ಹೊತ್ತು ತಾಯಿ ಕೂಗಿದ್ದು ಅವನಿಗೆ ಕೇಳಿಸಿತ್ತು. ಹೇಳುವ ತನಕ ಬೆರಳು ತೆಗೆಯಬಾರದು ಎಂಬುದನ್ನೂ ಅವನು ಕಲಿತಿದ್ದ.

ಅಂಜಿನಮ್ಮ ಓಡಿ ಬಂದು ಅವನನ್ನು ತಮ್ಮ ಕಡೆ ತಿರುಗಿಸಿ ಮಂಡಿಯೂರಿ ಕೂತರು. ಮನು ಬೆರಳ ಸಂದಿಯಿಂದಲೇ ಕೇಳಿದ.

“ಈಗ ತೆಗೀಲಾ ಅಜ್ಜಿ?”

ಅವರು ಮಗುವನ್ನು ಬಾಚಿ ತಬ್ಬಿಕೊಂಡರು. ತಬ್ಬಿಕೊಂಡೇ ಸೀತಾಲಕ್ಷ್ಮಿಯವರ ಕಡೆ ತಿರುಗಿದರು.

“ಸಂಪಿಗೆ ಬಿದ್ದಿದ್ರೂ ಇವ್ನು ಕೂಗ್ತಿರ್ನಿಲ್ವಲ್ಲ ಟೀಚರಮ್ಮ.”

ಸೋಮವಾರ ಅಂಜಿನಮ್ಮ ಸೆರಗು ಬಿಗಿದು ಶಾಲೆಗೆ ಹೊರಟರು. ಯಮುನಾ, ಸೀತಾಲಕ್ಷ್ಮಿ ಹಿಂದೆಯೇ ಹೋದರು. ಈಗ ಮಿಸ್ಸು ಎಂದರೆ ಅಂಜಿನಮ್ಮನವರ ಕಣ್ಣಿಗೆ ರಾಕ್ಷಸಿಯೇ. ಅಲ್ಲಿದ್ದವಳು ವನಜಾ, ಇನ್ನೂ ಕಾಲೇಜು ಹುಡುಗಿಯಂತಿದ್ದಳು. ಕೋಣೆ ತುಂಬ ಮಕ್ಕಳು, ನೋಡಿಕೊಳ್ಳಲು ಅವಳೊಬ್ಬಳೇ, ಒಬ್ಬ ಆಯಾ ಕೂಡ ಇಲ್ಲ, ತಲೆಯ ಮೇಲೆ ಕ್ಯಾಮೆರಾ. ನಡೆದದ್ದನ್ನು ಕೇಳಿ ಅವಳು ಕ್ಯಾಮೆರಾಗೆ ಬೆನ್ನು ಮಾಡಿ ತಗ್ಗಿದ ದನಿಯಲ್ಲಿ ಹೇಳಿದಳು.

“ಮಕ್ಳು ಸದ್ದು ಮಾಡಿದ್ರೆ ಓನರ್ ಫೋನ್ ಮಾಡ್ತಾರೆ ಮೇಡಂ, ಕೆಲ್ಸ ಬಿಡಿಸ್ತೀನಿ ಅಂತಾರೆ. ಚಿಕ್ಕವಳಿದ್ದಾಗ ನನ್ನೂ ಸ್ಟೋರ್ ರೂಮಲ್ಲಿ ನಿಲ್ಲಿಸ್ತಿದ್ರು. ಸುಮ್ನಿರ್ಸೋಕೆ ನಂಗೆ ಗೊತ್ತಿರೋದು ಅದೊಂದೇ.”

ಬೈಯಲೆಂದೇ ಬಂದಿದ್ದ ಅಂಜಿನಮ್ಮ ಅವಳ ಪಕ್ಕ ಕೂತರು. ತಮಗೂ ಗೊತ್ತಿದ್ದದ್ದು ಅದೊಂದೇ ಅಲ್ಲವೇ. ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಎನ್ನುತ್ತೇವೆ. ಮಿಸ್ಸೂ ಒಂದು ಕಾಲಕ್ಕೆ ಮೂರು ವರ್ಷದವಳಾಗಿದ್ದಳು ಎಂಬುದನ್ನು ಮರೆಯುತ್ತೇವೆ.

ಓನರ್ ಮೊದಲು ಜಗ್ಗಲಿಲ್ಲ. ಇಷ್ಟವಿಲ್ಲದಿದ್ದರೆ ಬೇರೆ ಶಾಲೆ ನೋಡಿಕೊಳ್ಳಿ ಎಂದರು. ಬೀದಿಯ ತಂದೆತಾಯಿಗಳೆಲ್ಲ ಒಟ್ಟಾಗಿ ಹೋಗಿ ಕೂತಾಗ ಮೆತ್ತಗಾದರು. ಆಯಾ ಬಂದಳು. ಮಕ್ಕಳನ್ನು ನಿಲ್ಲಿಸುತ್ತಿದ್ದ ಕತ್ತಲ ಕೋಣೆಗೆ ಕಿಟಕಿ ಬಂತು. ಇಂಗ್ಲಿಷಿನಲ್ಲೇ ಕೇಳಬೇಕೆಂಬ ನಿಯಮ ಹೋಗಿ, ಟಾಯ್ಲೆಟ್‌ಗೆ ಯಾವಾಗ ಬೇಕಾದರೂ, ಯಾವ ಭಾಷೆಯಲ್ಲಿ ಬೇಕಾದರೂ ಕೇಳಬಹುದು ಎಂದಾಯಿತು. ಸೀತಾಲಕ್ಷ್ಮಿ ಈಗ ಆಗಾಗ ಹೋಗಿ ವನಜಾಳ ಜೊತೆ ಕೂರುತ್ತಾರೆ. ಗದ್ದಲದ ಮಕ್ಕಳನ್ನು ಚಪ್ಪಾಳೆಯಿಂದ, ಹಾಡಿನಿಂದ ಹತ್ತಿರ ಕರೆಯುವುದನ್ನು ಅವಳಿಗೆ ಹೇಳಿಕೊಡುತ್ತಾರೆ. ವನಜಾಳ ದನಿಯೂ ಈಚೆಗೆ ಸ್ವಲ್ಪ ಎದ್ದಿದೆ.

ಮನು ಮಾತ್ರ ಅಷ್ಟು ಬೇಗ ಸುಧಾರಿಸಲಿಲ್ಲ. ಭಯ ಕಲಿಯುವುದು ಬೇಗ, ಮರೆಯುವುದು ತಡ. ಅಂಜಿನಮ್ಮ ಸಂಪಿನ ಮುಚ್ಚಳಕ್ಕೆ ಬೀಗ ಹಾಕಿಸಿದರು. ಸಂಜೆಯಾದರೆ ಟೀವಿ ಆರಿಸಿ, ಅಂಗಳದಲ್ಲಿ ನಿಂತು, ಮನೂ ಎಂದು ಕೂಗುತ್ತಿದ್ದರು. ಓ ಎಂದರೆ ಎತ್ತಿ ಮುದ್ದಾಡುವುದು, ಅನ್ನದಿದ್ದರೂ ಗದರದೆ ಕಾಯುವುದು. ಎಷ್ಟೋ ಸಂಜೆ ಒಳಗಿನಿಂದ ಸದ್ದೇ ಬರಲಿಲ್ಲ. ಆ ಮೌನಕ್ಕೆ ಅವರ ಕಣ್ಣು ತಾನಾಗಿ ಸಂಪಿನ ಬೀಗದ ಕಡೆ ಹೋಗುತ್ತಿತ್ತು. ಕಾರ್ತಿಕದ ಒಂದು ಸಂಜೆ ದೀಪ ಹಚ್ಚುತ್ತಿರುವಾಗ ತಾರಸಿಯಿಂದ “ಓ ಅಜ್ಜೀ” ಎಂದು ಕೇಳಿಸಿತು. ಅಂಜಿನಮ್ಮ ಹಿಡಿದ ಎಣ್ಣೆ ಗಿಂಡಿ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದರು.

ಅಕ್ಕಂದಿರೇ, ಅಣ್ಣಂದಿರೇ, ಶಾಲೆಯಿಂದ ಬಂದ ಮಗುವನ್ನು ಎಬಿಸಿಡಿ ಕೇಳುವ ಮೊದಲು ಅದರ ಆಟ ನೋಡಿ. ಮಾತಾಡುವ ಮಗು ಇದ್ದಕ್ಕಿದ್ದ ಹಾಗೆ ಸುಮ್ಮನಾದರೆ, ಹಾಸಿಗೆ ಒದ್ದೆಯಾದರೆ, ಶಾಲೆಯ ಹೆಸರಿಗೇ ಬೆಚ್ಚಿದರೆ ಇನ್ನೊಂದು ವಾರ ನೋಡೋಣ ಎನ್ನಬೇಡಿ. ಟೀಚರ್ ಜೊತೆ ಕೂತು ಮಾತಾಡಿ. ಅವರಿಗೂ ಯಾರದೋ ಹೆದರಿಕೆ ಇರಬಹುದು, ಕೇಳಿಸಿಕೊಳ್ಳಿ. ಅಷ್ಟಾದರೂ ಸರಿಹೋಗದಿದ್ದರೆ, ಮಗುವನ್ನು ಹೊಡೆಯುವುದು, ಕೂಡಿಹಾಕುವುದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ.

ಇವತ್ತು ಸಂಜೆ ಪಕ್ಕದ ಕೋಣೆಯಿಂದ ನಿಮ್ಮ ಮಗುವನ್ನು ಒಮ್ಮೆ ಹೆಸರು ಹಿಡಿದು ಕೂಗಿ. ಓ ಎನ್ನುತ್ತದೆಯೇ, ಕಿವಿಗೊಟ್ಟು ಕೇಳಿ.