ಹನ್ನೆರಡು ಬೇಸಿನ್, ಒಂದು ಕಾಲು

ಪವಿತ್ರ ಗುರುವಾರದ ಸಂಜೆ ಜೆ.ಪಿ. ನಗರದ ಆ ಪುಟ್ಟ ಚರ್ಚಿನಲ್ಲಿ ಯಾರೂ ಎಣಿಸದ ತೊಂದರೆಯೊಂದು ಎದುರಾಯಿತು. ತೊಳೆಯಲು ಕಾಲುಗಳೇ ಸಿಗಲಿಲ್ಲ.

ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಆ ದಿನ ಫಾದರ್ ಹನ್ನೆರಡು ಮಂದಿಯ ಕಾಲು ತೊಳೆಯುವುದು ರೂಢಿ. ಆದರೆ ಹೊಸದಾಗಿ ಬಂದ ಫಾದರ್, ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲದ ಉದ್ದಕ್ಕೂ, "ಪ್ರೀತಿಸುವವನು ಕೂರುವುದಿಲ್ಲ, ಬಾಗುತ್ತಾನೆ" ಎಂದು ಬೋಧಿಸಿಬಿಟ್ಟಿದ್ದರು. ಜನ ನಂಬಿದರು. ಆರಿಸಿದ್ದ ಹನ್ನೆರಡು ಮಂದಿಯೂ ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ನೀರು ತುಂಬಿದ ಬೇಸಿನ್ ಹಿಡಿದು ಬಂದರು. ಲೂರ್ದಮ್ಮ ಮೊಮ್ಮಗುವಿನ ಸ್ನಾನದ ಟಬ್ಬನ್ನೇ ಹೊತ್ತು ತಂದಿದ್ದಳು. ಬಲಿಪೀಠದ ಮುಂದೆ ಹನ್ನೆರಡು ಕುರ್ಚಿಗಳೂ ಖಾಲಿ.

"ನೀನು ಕೂತ್ಕೋ ಲೂರ್ದಮ್ಮ, ನಾನು ತೊಳೀತೀನಿ," ಎಂದ ಎಪ್ಪತ್ತು ದಾಟಿದ ಇನ್ನಾಸಪ್ಪ.

"ಪಾಪಿ ನಾನು, ನಾನ್ ಕೂರೋದಾ? ನೀನೇ ಕೂತ್ಕೋ ಇನ್ನಾಸಣ್ಣ. ಕಾಲು ನೋಡು, ಹೆಂಗಿದೆ!"

"ಏನಾಗಿದೆ? ಬೆಳಗ್ಗೆ ತಾನೇ ಕಲ್ಲಲ್ಲಿ ತಿಕ್ಕಿದ್ದೀನಿ."

"ಹಂಗಾದ್ರೆ ಕೂರೋಕೇ ಬಂದಿದ್ದೆ ಅನ್ನು!"

ಹಾಡುವವರು ಅದೇ ಹಾಡನ್ನು ನಾಲ್ಕನೇ ಸಲ ಎತ್ತಿಕೊಂಡರು.

ಕೊನೆಯ ಬೆಂಚಿನಲ್ಲಿದ್ದ ಸಗಾಯಮೇರಿ ಕಾಲುಗಳನ್ನು ಒಳಗೆಳೆದುಕೊಂಡಳು. ಎಂಟು ತಿಂಗಳ ಹಿಂದೆ ಗಂಡ ಡೆನ್ನಿಸ್ ತೀರಿಕೊಂಡಾಗಿನಿಂದ ಅವಳು ಅವನ ಬೂದು ಕಾಲುಚೀಲಗಳಲ್ಲೇ ಇದ್ದಳು. ರಾತ್ರಿ ಒಗೆದು, ಬೆಳಗ್ಗೆ ಅರೆಹಸಿಯಾಗಿಯೇ ಹಾಕಿಕೊಳ್ಳುತ್ತಿದ್ದಳು. ಅವನ್ನು ಬಿಚ್ಚಿಟ್ಟ ದಿನ ಅವನು ಪೂರ್ತಿ ಹೋಗುತ್ತಾನೆ ಎಂಬುದು ಅವಳ ನಂಬಿಕೆ. ಅವನು ಇರುವಷ್ಟು ದಿನ ಬೇರೆ ಯಾರಿಂದಲೂ ಏನೂ ಬೇಡ.

ಫಾದರ್ ನೇರ ಅವಳ ಬಳಿಗೆ ಬಂದರು. "ನೀವು ಟವೆಲ್ ತಂದಿಲ್ಲ ತಾನೇ?"

"ಇಲ್ಲ ಫಾದರ್."

"ದೇವರು ದೊಡ್ಡವನು. ಬನ್ನಿ, ಕೂತ್ಕೊಳ್ಳಿ."

"ಬೇಡ ಫಾದರ್. ನನ್ ಕಾಲಿಗೆ ಏನೂ ಆಗಿಲ್ಲ."

"ಯಾರ ಕಾಲಿಗೂ ಏನೂ ಆಗಿಲ್ಲಮ್ಮ. ಆಗಿರೋದೆಲ್ಲ ನನ್ನ ಬೋಧನೆಯಿಂದ."

ಅತ್ತ ಇನ್ನಾಸಪ್ಪ ಹಿಡಿದಿದ್ದ ಬೇಸಿನ್ ವಾಲಿ ನೀರು ಅವನ ಪಂಚೆಯ ಮೇಲೆ ತುಳುಕುತ್ತಿತ್ತು. ತಲಘಟ್ಟಪುರದಿಂದ ಎರಡು ಬಸ್ಸು ಬದಲಿಸಿ ಬಂದ ಮುದುಕ.

"ಕೆಳಗಿಡಿ ಅಂಕಲ್," ಎಂದಳು ಸಗಾಯಮೇರಿ.

"ಕಾಲು ಬರ್ಲಿ, ಇಡ್ತೀನಿ."

ಅವಳು ಎದ್ದು ಹೋಗಿ ಕುಳಿತಳು. ಬಲಗಾಲಿನ ಚೀಲ ಬಿಚ್ಚಿದಳು. ಎಡಗಾಲಿನದಕ್ಕೆ ಕೈ ಹೋಗಲಿಲ್ಲ.

"ಅಯ್ಯೋ, ಕಾಲು ನೆನೆಸಿಟ್ಟ ಅವಲಕ್ಕಿ ಥರ ಆಗಿದ್ಯಲ್ಲೇ!" ಎಂದಳು ಲೂರ್ದಮ್ಮ. ಗಂಡಸರ ಕಾಲುಚೀಲ ಯಾಕೆಂದು ಯಾರೂ ಕೇಳಲಿಲ್ಲ. ಸಾಲು ನಿಂತರು. ಒಬ್ಬರಾದ ಮೇಲೊಬ್ಬರು ಅದೇ ಬಲಗಾಲನ್ನು ತೊಳೆದು ಒರೆಸಿದರು. ಆ ಪಾದ ಅಷ್ಟು ಶುದ್ಧವಾಗಿ ಯಾವತ್ತೂ ಇರಲಿಲ್ಲ. ಹನ್ನೊಂದನೆಯವನಾದ ಇನ್ನಾಸಪ್ಪ ತೊಳೆದು, ಮುತ್ತಿಟ್ಟು, ಏಳಲಾಗದೆ ಅಲ್ಲೇ ಕೂತ. ಲೂರ್ದಮ್ಮ ಹನ್ನೆರಡನೆಯವಳು. ಕೊನೆಗೆ ಫಾದರ್ ಮಂಡಿಯೂರಿ ತಮ್ಮ ಹೂಜಿಯಿಂದ ಸುರಿದರು. ಅಷ್ಟು ಹೊತ್ತು ಹೂಜಿಯಲ್ಲೇ ಇದ್ದ ನೀರು.

"ತಣ್ಣಗಿದೆ ಫಾದರ್," ಎಂದಳು ಸಗಾಯಮೇರಿ. ತನ್ನ ದನಿ ತನಗೇ ಹೊಸದೆನಿಸಿತು. "ಸ್ವಲ್ಪ ಬಿಸಿನೀರು ಸಿಗುತ್ತಾ?"

ಎಂಟು ತಿಂಗಳಲ್ಲಿ ಅವಳು ಕೇಳಿದ ಮೊದಲ ವಸ್ತು ಅದು. ಹನ್ನೆರಡು ಮಂದಿಯೂ ಬೇಸಿನ್ ಎತ್ತಿಕೊಂಡು, ಒಬ್ಬರನ್ನೊಬ್ಬರು ತಳ್ಳುತ್ತ, ಪಕ್ಕದ ಕಾನ್ವೆಂಟಿನ ಅಡುಗೆಮನೆಗೆ ಓಡಿದರು. ಇನ್ನಾಸಪ್ಪನೂ ಎದ್ದು ಓಡಿದ. ಫಾದರ್ ಸಹ ಬಲಿಪೂಜೆಯ ಉಡುಪಿನಲ್ಲೇ ಹಿಂದೆ ಓಡಿದರು.

ಹನ್ನೆರಡು ಕುರ್ಚಿಗಳ ನಡುವೆ ಒಬ್ಬಳೇ ಉಳಿದ ಸಗಾಯಮೇರಿ ಎಡಗಾಲಿನ ಚೀಲವನ್ನೂ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಬಿಸಿನೀರಿಗೆ ಕಾಯುತ್ತ ಕುಳಿತಳು.